ನಲವತ್ತೈದು ವರ್ಷ ಮೌನ, ಮೂವತ್ತು ವರ್ಷ ಮಾತು

ಇಟಲಿಯ ಮಿಲಾನ್ ನಗರದ ಕೇಂದ್ರ ರೈಲು ನಿಲ್ದಾಣ ಯೂರೋಪಿನ ಭಾರಿ ನಿಲ್ದಾಣಗಳಲ್ಲಿ ಒಂದು. ಪ್ರಯಾಣಿಕರು ಹತ್ತಿ ಇಳಿಯುವ ಪ್ಲಾಟ್‌ಫಾರಂಗಳು ಮೇಲಿನ ಅಂತಸ್ತಿನಲ್ಲಿವೆ. ಅವುಗಳ ಕೆಳಗೆ, ರಸ್ತೆಯ ಮಟ್ಟದಲ್ಲಿ, ಟಪಾಲು ಚೀಲಗಳನ್ನು ಬೋಗಿಗಳಿಗೆ ತುಂಬಲೆಂದು ಕಟ್ಟಿದ ವಿಶಾಲವಾದ, ಮಬ್ಬುಗತ್ತಲೆಯ ಜಾಗವೊಂದಿದೆ. ತುಂಬಿದ ಬೋಗಿಯನ್ನು ಯಂತ್ರದಿಂದ ಮೇಲಕ್ಕೆತ್ತಿ ರೈಲಿಗೆ ಜೋಡಿಸುವ ವ್ಯವಸ್ಥೆ ಅಲ್ಲಿತ್ತು. 1943ರ ಕೊನೆಯಿಂದ 1945ರ ಆರಂಭದವರೆಗೆ ಆ ಬೋಗಿಗಳಿಗೆ ಟಪಾಲಿನ ಬದಲು ಮನುಷ್ಯರನ್ನು ತುಂಬಲಾಯಿತು. ಯೆಹೂದಿಗಳನ್ನೂ ಫ್ಯಾಸಿಸ್ಟ್ ಆಡಳಿತದ ವಿರೋಧಿಗಳನ್ನೂ ನಾಜಿ ಶಿಬಿರಗಳಿಗೆ ಸಾಗಿಸಿದ್ದು ಇಲ್ಲಿಂದ. ತಲೆಯ ಮೇಲಿನ ಅಂತಸ್ತಿನಲ್ಲಿ ಪ್ರಯಾಣಿಕರ ಓಡಾಟ ಎಂದಿನಂತೆಯೇ ನಡೆದಿತ್ತು.

ಆ ಜಾಗ ಈಗ ಒಂದು ಸ್ಮಾರಕ. 2013ರಲ್ಲಿ ಅದರ ಉದ್ಘಾಟನೆಯಾಯಿತು. ಒಳಗೆ ಕಾಲಿಟ್ಟವರಿಗೆ ಮೊದಲು ಎದುರಾಗುವುದು ಉದ್ದನೆಯ ಒಂದು ಗೋಡೆ ಮತ್ತು ಅದರ ಮೇಲೆ ದೊಡ್ಡ ಅಕ್ಷರಗಳಲ್ಲಿರುವ ಒಂದೇ ಒಂದು ಪದ. ಇಂಥ ಸ್ಥಳದಲ್ಲಿ ದ್ವೇಷ, ಕ್ರೌರ್ಯ, ಹತ್ಯೆ ಎಂಬ ಯಾವುದಾದರೂ ಪದ ಇರಬಹುದೆಂದು ನಾವು ಊಹಿಸುತ್ತೇವೆ. ಅಲ್ಲಿರುವ ಪದದ ಅರ್ಥ 'ಉದಾಸೀನ'. ನಮ್ಮಲ್ಲಿ 'ಊರ ಉಸಾಬರಿ ನಮಗ್ಯಾಕೆ' ಎನ್ನುತ್ತೇವಲ್ಲ, ಆ ಮನೋಭಾವಕ್ಕೆ ಹತ್ತಿರದ ಪದ ಅದು.

ಆ ಪದವೇ ಅಲ್ಲಿರಬೇಕೆಂದು ಬಯಸಿದವರು ಲಿಲಿಯಾನಾ ಸೆಗ್ರೆ. ಹದಿಮೂರನೆಯ ವಯಸ್ಸಿನಲ್ಲಿ ತಂದೆಯ ಕೈ ಹಿಡಿದು ಅದೇ ಜಾಗದಲ್ಲಿ ಬೋಗಿ ಹತ್ತಿದ್ದ ಹುಡುಗಿ ಅವರು. ಅಲ್ಲಿಂದ ಮರಳಿ ಬಂದ ಮೇಲೆ 45 ವರ್ಷ ಆ ಬಗ್ಗೆ ಸಾರ್ವಜನಿಕವಾಗಿ ತುಟಿ ಬಿಚ್ಚಲಿಲ್ಲ. ಬಿಚ್ಚಿದ ಮೇಲೆ 30 ವರ್ಷ ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳಿಗೆ ಹೇಳಿದರು. ಬದುಕಿ ಉಳಿದವರೊಬ್ಬರ ನೆನಪು ಹೇಗೆ ಪಾಠವಾಗುತ್ತದೆ, ಅದರ ಶಕ್ತಿ ಏನು, ಮಿತಿ ಏನು ಎಂಬುದನ್ನು ತಿಳಿಯಲು ಅವರ ಬದುಕಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಖಾಲಿಯಾದ ಬೆಂಚು

ಲಿಲಿಯಾನಾ ಹುಟ್ಟಿದ್ದು 1930ರ ಸೆಪ್ಟೆಂಬರ್ 10ರಂದು, ಮಿಲಾನ್‌ನಲ್ಲಿ. ಮಗುವಿಗೆ ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ತಂದೆ ಆಲ್ಬೆರ್ತೊ ಮತ್ತು ಅಜ್ಜ ಅಜ್ಜಿಯರೇ ಬೆಳೆಸಿದರು. ಮನೆಯಲ್ಲಿ ಧರ್ಮಾಚರಣೆ ಇರಲಿಲ್ಲ. ತಾನು ಯೆಹೂದಿ ಎಂಬುದು ಹುಡುಗಿಗೆ ಗೊತ್ತಾದದ್ದೇ ಎಂಟನೆಯ ವಯಸ್ಸಿನಲ್ಲಿ, ಅದೂ ಸರ್ಕಾರದ ಕಾನೂನಿನಿಂದ.

1938ರಲ್ಲಿ ಮುಸೊಲಿನಿಯ ಫ್ಯಾಸಿಸ್ಟ್ ಸರ್ಕಾರ ಜನಾಂಗೀಯ ಕಾನೂನುಗಳನ್ನು ಜಾರಿಗೆ ತಂದಿತು. ಯೆಹೂದಿ ಮಕ್ಕಳು ಸರ್ಕಾರಿ ಶಾಲೆಗೆ ಬರಕೂಡದು, ಯೆಹೂದಿ ಅಧ್ಯಾಪಕರು ಪಾಠ ಹೇಳಕೂಡದು ಎಂಬ ಆಜ್ಞೆ ಆ ಸೆಪ್ಟೆಂಬರಿನಲ್ಲಿ ಹೊರಟಿತು. ಮೂರನೆಯ ತರಗತಿಗೆ ಹೋಗಬೇಕಿದ್ದ ಲಿಲಿಯಾನಾಳಿಗೆ, ಇನ್ನು ನೀನು ಆ ಶಾಲೆಗೆ ಹೋಗುವಂತಿಲ್ಲ ಎಂದು ಮನೆಯವರು ತಿಳಿಸಬೇಕಾಯಿತು. ಯಾಕೆ, ನಾನೇನು ತಪ್ಪು ಮಾಡಿದೆ ಎಂದು ಹುಡುಗಿ ಕೇಳಿದಳು. ಉತ್ತರ ಯಾರ ಬಳಿಯೂ ಇರಲಿಲ್ಲ. ಮುಂದೆ ಇಳಿವಯಸ್ಸಿನಲ್ಲಿ ಶಾಲಾಮಕ್ಕಳ ಎದುರು ನಿಂತಾಗ ಸೆಗ್ರೆ ಅವರು ಕಥೆ ಶುರು ಮಾಡುತ್ತಿದ್ದದ್ದು ಬಹುಮಟ್ಟಿಗೆ ಇಲ್ಲಿಂದಲೇ. ಆಶ್ವಿಟ್ಜ್‌ನ ಹೊಗೆಕೊಳವೆಗಳು ಕೇಳುವ ಮಗುವಿನ ಕಲ್ಪನೆಗೆ ನಿಲುಕುವುದಿಲ್ಲ. ತರಗತಿಯಲ್ಲಿ ಖಾಲಿಯಾದ ಒಂದು ಜಾಗ ನಿಲುಕುತ್ತದೆ.

ಅವರು ಮತ್ತೆ ಮತ್ತೆ ನೆನೆಯುತ್ತಿದ್ದ ಇನ್ನೊಂದು ಸಂಗತಿಯೂ ಆ ಕಾಲದ್ದೇ. ರಸ್ತೆಯಲ್ಲಿ ಹೋಗುವಾಗ ಹಳೆಯ ಸಹಪಾಠಿಗಳು ಅವಳತ್ತ ಬೆರಳು ತೋರಿಸಿ, ಅವಳು ಯೆಹೂದಿ, ಅದಕ್ಕೇ ನಮ್ಮ ಶಾಲೆಗೆ ಬರುವಂತಿಲ್ಲ ಎಂದು ಹೇಳಿಕೊಂಡು ನಗುತ್ತಿದ್ದರು. ಒಬ್ಬಳು ಗೆಳತಿ ಯಾಕೆ ಬರುತ್ತಿಲ್ಲ ಎಂದು ವಿಚಾರಿಸಿದ ಮನೆಗಳು ಬಹಳ ಕಡಿಮೆ. ಮುಂದೆ ಲಕ್ಷಾಂತರ ಜನರ ಕೊಲೆಗೆ ಒಯ್ದ ಹಾದಿಯ ಮೊದಲ ಹೆಜ್ಜೆ ಇಷ್ಟು ಸದ್ದಿಲ್ಲದ್ದಾಗಿತ್ತು.

ಇಪ್ಪತ್ತೊಂದನೆಯ ಪ್ಲಾಟ್‌ಫಾರಂ

1943ರ ಸೆಪ್ಟೆಂಬರಿನಲ್ಲಿ ಇಟಲಿ ಮಿತ್ರರಾಷ್ಟ್ರಗಳಿಗೆ ಶರಣಾದಾಗ ಜರ್ಮನ್ ಸೇನೆ ದೇಶದ ಉತ್ತರ ಭಾಗವನ್ನು ಆಕ್ರಮಿಸಿತು. ಮುಸೊಲಿನಿಯ ನೇತೃತ್ವದಲ್ಲಿ ಅಲ್ಲೊಂದು ಕೈಗೊಂಬೆ ಸರ್ಕಾರ ಬಂತು. ಯೆಹೂದಿಗಳನ್ನೆಲ್ಲ ಬಂಧಿಸಬೇಕೆಂದು ಆ ಸರ್ಕಾರವೇ ನವೆಂಬರ್ ಕೊನೆಯಲ್ಲಿ ಆಜ್ಞೆ ಹೊರಡಿಸಿತು. ಬಂಧಿಸಲು ಬಂದವರು ಜರ್ಮನ್ನರು ಮಾತ್ರವಲ್ಲ, ಇಟಲಿಯ ಪೊಲೀಸರೂ ಇದ್ದರು ಎಂಬುದನ್ನು ಸೆಗ್ರೆ ಅವರು ಎಂದೂ ಮರೆಮಾಚಲಿಲ್ಲ.

ಡಿಸೆಂಬರಿನಲ್ಲಿ ತಂದೆ ಮಗಳು ಇಬ್ಬರು ವೃದ್ಧ ಬಂಧುಗಳೊಡನೆ ಬೆಟ್ಟದ ದಾರಿ ಹಿಡಿದು ಸ್ವಿಟ್ಜರ್ಲೆಂಡ್ ಗಡಿ ದಾಟಿದರು. ಬದುಕಿದೆವು ಎಂದುಕೊಂಡರು. ಆದರೆ ಸ್ವಿಸ್ ಅಧಿಕಾರಿಯೊಬ್ಬ ಅವರ ಮಾತನ್ನು ನಂಬದೆ, ಸೈನಿಕರ ಕಾವಲಿನಲ್ಲಿ ಮರಳಿ ಗಡಿಗೇ ಕಳುಹಿಸಿದ. ಅಲ್ಲಿ ಬಂಧನವಾಯಿತು. ವರೆಸೆ, ಕೋಮೊ ಊರುಗಳ ಸೆರೆಮನೆಗಳನ್ನು ಕಂಡು, ಕೊನೆಗೆ ತನ್ನೂರು ಮಿಲಾನ್‌ನ ಸಾನ್ ವಿತ್ತೋರೆ ಜೈಲಿಗೆ ಬಂದಾಗ ಲಿಲಿಯಾನಾಳಿಗೆ ಹದಿಮೂರು ವರ್ಷ. ತಂದೆಯೊಡನೆ ಒಂದೇ ಕೋಣೆಯಲ್ಲಿ ಕಳೆದ ಸುಮಾರು ನಲವತ್ತು ದಿನಗಳು ಅವು.

1944ರ ಜನವರಿ 30ರಂದು ಹೆಸರು ಕೂಗಿದರು. ಜೈಲಿನ ಉದ್ದನೆಯ ಮೊಗಸಾಲೆ ದಾಟಿ ಯೆಹೂದಿ ಕುಟುಂಬಗಳು ಹೊರಟಾಗ, ಅಲ್ಲಿದ್ದ ಸಾಮಾನ್ಯ ಕೈದಿಗಳು ಕಟಕಟೆಗಳಿಂದ ಬಾಗಿ ಕಿತ್ತಳೆ, ಸೇಬು, ಬಿಸ್ಕತ್ತು, ಕೈಚೀಲ, ಕೊರಳ ವಸ್ತ್ರಗಳನ್ನು ಎಸೆದರು. ನೀವು ಯಾವ ತಪ್ಪೂ ಮಾಡಿಲ್ಲ, ದೇವರು ಒಳ್ಳೆಯದು ಮಾಡಲಿ ಎಂದು ಕೂಗಿ ಹರಸಿದರು. ಕಳ್ಳರು, ಕೊಲೆಗಾರರು ಎನಿಸಿಕೊಂಡವರಿಂದ ಬಂದ ಈ ಕರುಣೆ ಸೆಗ್ರೆ ಅವರ ಪ್ರತಿ ಉಪನ್ಯಾಸದಲ್ಲೂ ಇರುತ್ತಿತ್ತು. ಜೈಲಿನ ಹೊರಗೆ, ಲಾರಿಗಳು ಸಾಗಿದ ಮಿಲಾನ್‌ನ ಬೀದಿಗಳಲ್ಲಿ, ಕಿಟಕಿಗಳು ಮುಚ್ಚಿಯೇ ಇದ್ದವು.

ಆ ದಿನದ ರೈಲಿನಲ್ಲಿ 605 ಮಂದಿ ಇದ್ದರು. ಇಟಲಿಯವರು ಅದನ್ನು 'ಇಪ್ಪತ್ತೊಂದನೆಯ ಪ್ಲಾಟ್‌ಫಾರಂ'ನ ರೈಲು ಎಂದು ಕರೆಯುತ್ತಾರೆ. ಏಳು ದಿನಗಳ ನಂತರ, ಫೆಬ್ರುವರಿ 6ರಂದು, ಅದು ಆಶ್ವಿಟ್ಜ್-ಬಿರ್ಕೆನಾವ್ ತಲುಪಿತು. ಗಂಡಸರನ್ನೂ ಹೆಂಗಸರನ್ನೂ ಬೇರ್ಪಡಿಸಿದರು. 97 ಗಂಡಸರು, 31 ಹೆಂಗಸರು ದುಡಿಮೆಗೆಂದು ಶಿಬಿರದೊಳಕ್ಕೆ ಹೋದರು. ಉಳಿದವರನ್ನು ಆಗಲೇ ವಿಷಾನಿಲಕ್ಕೆ ಕಳುಹಿಸಲಾಯಿತು. ಲಿಲಿಯಾನಾ ತಂದೆಯ ಕೈ ಬಿಟ್ಟದ್ದು ಅಲ್ಲೇ. ಮತ್ತೆ ಅವರನ್ನು ಕಾಣಲಿಲ್ಲ. ಆಲ್ಬೆರ್ತೊ ಆ ಏಪ್ರಿಲ್‌ನಲ್ಲಿ ಸತ್ತರು. ಅಜ್ಜ ಅಜ್ಜಿಯರನ್ನು ಬೇಸಿಗೆಯಲ್ಲಿ ಹಿಡಿದು ತಂದು ಬಂದ ದಿನವೇ ಕೊಂದರು. ಹುಡುಗಿಯ ಎಡತೋಳಿನ ಮೇಲೆ ಹಚ್ಚೆ ಹಾಕಿದ ಅಂಕಿ 75190. ಇಟಲಿಯಿಂದ ಆಶ್ವಿಟ್ಜ್‌ಗೆ ಹೋದ 14 ವರ್ಷದೊಳಗಿನ 776 ಮಕ್ಕಳಲ್ಲಿ ಮರಳಿದವರು 25 ಮಂದಿ ಎಂಬುದು ಆ ದೇಶದಲ್ಲಿ ಸಾಮಾನ್ಯವಾಗಿ ಕೊಡುವ ಲೆಕ್ಕ.

ಸುಮಾರು ಒಂದು ವರ್ಷ ಅವಳು ಮದ್ದುಗುಂಡು ತಯಾರಿಸುವ ಕಾರ್ಖಾನೆಯಲ್ಲಿ ದುಡಿದಳು. 1945ರ ಜನವರಿಯಲ್ಲಿ ಸೋವಿಯತ್ ಸೇನೆ ಸಮೀಪಿಸಿದಾಗ ನಾಜಿಗಳು ನಡೆಯಬಲ್ಲ ಕೈದಿಗಳನ್ನೆಲ್ಲ ಹಿಮದಲ್ಲಿ ಜರ್ಮನಿಯ ಕಡೆಗೆ ನಡೆಸಿಕೊಂಡು ಹೊರಟರು. ಬಿದ್ದವರಿಗೆ ಗುಂಡು. ಜನವರಿ 27ರಂದು ಆಶ್ವಿಟ್ಜ್ ಬಿಡುಗಡೆಯಾದ ಸುದ್ದಿಯನ್ನು ಜಗತ್ತು ಇಂದು ಸ್ಮರಿಸುತ್ತದೆ. ಆದರೆ ಅಂದು ಆ ಹುಡುಗಿ ಅಲ್ಲಿರಲಿಲ್ಲ, ರಸ್ತೆಯಲ್ಲಿ ಒಂದು ಕಾಲಿನ ಮುಂದೆ ಇನ್ನೊಂದು ಕಾಲಿಡುತ್ತ, ಕಸದ ರಾಶಿಯಲ್ಲಿ ಸಿಕ್ಕಿದ್ದನ್ನು ತಿನ್ನುತ್ತ ನಡೆಯುತ್ತಿದ್ದಳು. ರಾವೆನ್ಸ್‌ಬ್ರೂಕ್ ದಾಟಿ ಮಾಲ್ಖೊ ಎಂಬ ಶಿಬಿರದಲ್ಲಿದ್ದಾಗ ಮೇ ತಿಂಗಳ ಆರಂಭದಲ್ಲಿ ಅವಳಿಗೆ ಬಿಡುಗಡೆ ಸಿಕ್ಕಿತು. ಮಿಲಾನ್‌ಗೆ ಮರಳಿದ್ದು ಆಗಸ್ಟ್ ಕೊನೆಯಲ್ಲಿ.

ಕೇಳುವವರಿಲ್ಲದ ಕಥೆ

ಇಷ್ಟೆಲ್ಲ ಕಂಡವಳು ಊರಿಗೆ ಬಂದು ಯಾರಿಗೂ ಏನೂ ಹೇಳಲಿಲ್ಲವೇಕೆ? ಹೇಳಲು ನೋಡಿದಳು, ಕೇಳುವವರು ಇರಲಿಲ್ಲ ಎಂಬುದೇ ಉತ್ತರ. ಉಳಿದ ಬಂಧುಗಳು ತಮ್ಮ ದುಃಖದಲ್ಲಿದ್ದರು. ಯುದ್ಧ ಮುಗಿಯಿತು, ಇನ್ನು ಮರೆತುಬಿಡು ಎನ್ನುವುದೇ ಆಗಿನ ಸಮಾಧಾನದ ಮಾತು. ದೇಶಕ್ಕೂ ಅದೇ ಬೇಕಾಗಿತ್ತು. ಬಾಂಬಿನಿಂದ ಕುಸಿದ ಮನೆಗಳನ್ನು ಕಟ್ಟುವ ಗಡಿಬಿಡಿಯಲ್ಲಿ, 1938ರ ಕಾನೂನಿಗೆ ತಲೆಯಾಡಿಸಿದವರು ಯಾರು ಎಂಬ ಪ್ರಶ್ನೆ ಎಲ್ಲರಿಗೂ ಮುಜುಗರದ್ದು.

ಇದು ಒಬ್ಬ ಹುಡುಗಿಯ ಪಾಡು ಮಾತ್ರವಾಗಿರಲಿಲ್ಲ. ಟ್ಯೂರಿನ್‌ನ ರಸಾಯನಶಾಸ್ತ್ರಜ್ಞ ಪ್ರೀಮೊ ಲೆವಿ ಆಶ್ವಿಟ್ಜ್‌ನಿಂದ ಮರಳಿದೊಡನೆ ತಮ್ಮ ಅನುಭವವನ್ನು ಬರೆದರು. ಇಂದು ಜಗತ್ತಿನ ಶ್ರೇಷ್ಠ ಸಾಕ್ಷ್ಯಗಳಲ್ಲಿ ಒಂದೆನಿಸಿರುವ ಆ ಹಸ್ತಪ್ರತಿಯನ್ನು ದೇಶದ ಪ್ರತಿಷ್ಠಿತ ಪ್ರಕಾಶನ ಸಂಸ್ಥೆ ಐನೌದಿ ತಿರಸ್ಕರಿಸಿತು. 1947ರಲ್ಲಿ ಸಣ್ಣ ಪ್ರಕಾಶಕರೊಬ್ಬರು ತಂದ 2500 ಪ್ರತಿಗಳೂ ಪೂರ್ತಿ ಖರ್ಚಾಗಲಿಲ್ಲ. 1958ರಲ್ಲಿ ಐನೌದಿಯೇ ಅದನ್ನು ಮತ್ತೆ ಪ್ರಕಟಿಸಿದ ಮೇಲೆ ಜನ ಓದತೊಡಗಿದರು.

ಗಾಳಿ ತಿರುಗಿದ್ದು 1961ರಲ್ಲಿ. ಯೆಹೂದಿಗಳ ಸಾಗಾಣಿಕೆಯನ್ನು ಸಂಘಟಿಸಿದ ನಾಜಿ ಅಧಿಕಾರಿ ಅಡಾಲ್ಫ್ ಐಕ್‌ಮನ್‌ನ ವಿಚಾರಣೆ ಆ ವರ್ಷ ಜೆರುಸಲೇಮಿನಲ್ಲಿ ನಡೆಯಿತು. ಯುದ್ಧ ಮುಗಿದೊಡನೆ ನ್ಯೂರೆಂಬರ್ಗ್‌ನಲ್ಲಿ ನಡೆದಿದ್ದ ವಿಚಾರಣೆ ಮುಖ್ಯವಾಗಿ ನಾಜಿಗಳದೇ ಕಡತಗಳನ್ನು ಆಧರಿಸಿತ್ತು. ಜೆರುಸಲೇಮಿನಲ್ಲಿ ಸರ್ಕಾರಿ ವಕೀಲರು ಬದುಕಿ ಉಳಿದ ನೂರಕ್ಕೂ ಹೆಚ್ಚು ಮಂದಿಯನ್ನು ಸಾಕ್ಷಿಕಟ್ಟೆಗೆ ಕರೆತಂದರು. ರೇಡಿಯೊ, ದೂರದರ್ಶನಗಳು ಅವರ ದನಿಯನ್ನು ಲೋಕಕ್ಕೆ ಮುಟ್ಟಿಸಿದವು. 'ಬದುಕಿ ಉಳಿದವರು' ಎಂದರೆ ಅನುಕಂಪಕ್ಕೆ ಪಾತ್ರರಾದ ನತದೃಷ್ಟರು ಎಂಬ ಭಾವನೆ ಹೋಗಿ, ಅವರು ಕೇಳಲೇಬೇಕಾದ ಸಾಕ್ಷಿಗಳು ಎಂಬ ಗೌರವ ಬಂದದ್ದು ಅಲ್ಲಿಂದ ಮುಂದೆ. 1979ರಲ್ಲಿ ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ ಅವರ ಮಾತುಗಳನ್ನು ವಿಡಿಯೊದಲ್ಲಿ ದಾಖಲಿಸುವ ಕೆಲಸ ಮೊದಲಾಯಿತು. ಅದು ಮುಂದೆ ಯೇಲ್ ವಿಶ್ವವಿದ್ಯಾಲಯದ ಸಂಗ್ರಹವಾಯಿತು. 1994ರಲ್ಲಿ ಚಿತ್ರನಿರ್ದೇಶಕ ಸ್ಟೀವನ್ ಸ್ಪಿಲ್‌ಬರ್ಗ್ ಸ್ಥಾಪಿಸಿದ ಸಂಸ್ಥೆ ಐವತ್ತು ಸಾವಿರಕ್ಕೂ ಹೆಚ್ಚು ಮಂದಿಯ ಸಾಕ್ಷ್ಯವನ್ನು ಸಂಗ್ರಹಿಸಿತು.

ಈ ಬದಲಾವಣೆಗಳು ನಡೆಯುತ್ತಿದ್ದಾಗ ಸೆಗ್ರೆ ಸಂಸಾರ ನಡೆಸುತ್ತಿದ್ದರು. 1948ರಲ್ಲಿ ಪೆಸಾರೊದ ಕಡಲ ತೀರದಲ್ಲಿ ಅವರಿಗೆ ಆಲ್ಫ್ರೆದೊ ಬೆಲ್ಲಿ ಪಾಚಿ ಎಂಬ ಕ್ಯಾಥೊಲಿಕ್ ಯುವಕನ ಪರಿಚಯವಾಯಿತು. ತೋಳಿನ ಮೇಲಿನ ಅಂಕಿ ಏನೆಂದು ಆತನಿಗೆ ವಿವರಿಸಬೇಕಾಗಲಿಲ್ಲ. ಮುಸೊಲಿನಿಯ ಕೈಗೊಂಬೆ ಸರ್ಕಾರಕ್ಕಾಗಿ ಹೋರಾಡಲು ಒಪ್ಪದೆ ಜರ್ಮನ್ ಶಿಬಿರಗಳಿಗೆ ಹೋದ ಆರು ಲಕ್ಷದಷ್ಟು ಇಟಲಿಯ ಸೈನಿಕರಲ್ಲಿ ಆತನೂ ಒಬ್ಬ. 1951ರಲ್ಲಿ ಮದುವೆಯಾಯಿತು. ಮೂವರು ಮಕ್ಕಳಾದರು. ಮನೆಯಲ್ಲಿ ಸುಖವಿತ್ತು, ಆದರೆ ಹೇಳದೆ ಉಳಿದದ್ದು ಹೋಗಿರಲಿಲ್ಲ. ನಡುವಯಸ್ಸಿನಲ್ಲಿ ತೀವ್ರ ಖಿನ್ನತೆ ಅವರನ್ನು ಕಾಡಿತು. ಮೊಮ್ಮಕ್ಕಳನ್ನು ಕಂಡ ಮೇಲೆ, ತಾನು ಮಾಡಬೇಕಾದ ಕರ್ತವ್ಯವೊಂದು ಬಾಕಿ ಇದೆ ಎನ್ನಿಸಿತು. 1990ರಲ್ಲಿ, ಅರುವತ್ತನೆಯ ವಯಸ್ಸಿನಲ್ಲಿ, ಅವರು ವಿದ್ಯಾರ್ಥಿಗಳ ಎದುರು ಕುಳಿತು ಮಾತನಾಡಲು ಆರಂಭಿಸಿದರು.

ಅಜ್ಜಿ ಹೇಳಿದ ಪಾಠ

ಅವರು ಹೇಳುವ ಕ್ರಮದಲ್ಲಿ ಅಬ್ಬರವಿರಲಿಲ್ಲ. ಶಿಬಿರದ ಹಿಂಸೆಗಳ ಪಟ್ಟಿ ಕೊಟ್ಟು ಮಕ್ಕಳನ್ನು ನಡುಗಿಸುವುದು ಅವರ ಉದ್ದೇಶವಾಗಿರಲಿಲ್ಲ. ಆಶ್ವಿಟ್ಜ್‌ಗೆ ಅವರು ಮತ್ತೆ ಕಾಲಿಡಲೂ ಇಲ್ಲ. ಕೇಳುತ್ತಿದ್ದ ಹುಡುಗ ಹುಡುಗಿಯರನ್ನು ತಮ್ಮ ಮೊಮ್ಮಕ್ಕಳೆಂದೇ ಭಾವಿಸಿ, ತಾನು ಹದಿಮೂರರ ಹುಡುಗಿಯಾಗಿದ್ದಾಗ ಕಂಡದ್ದನ್ನು ಮಾತ್ರ ಹೇಳುತ್ತಿದ್ದರು. ಈಗಿನ ತಾನು ಆ ಹುಡುಗಿಯ ಅಜ್ಜಿ ಎಂಬಂತೆ, ಅವಳ ಬಗ್ಗೆ ಮರುಕಪಡುತ್ತ ಹೇಳುತ್ತಿದ್ದರು.

ಅವರ ಪಾಠದ ತಿರುಳು ಎರಡು ಘಟನೆಗಳಲ್ಲಿದೆ. ಮೊದಲನೆಯದು ಜಾನೀನ್ ಎಂಬ ಫ್ರೆಂಚ್ ತರುಣಿಯ ಕಥೆ. ಕಾರ್ಖಾನೆಯಲ್ಲಿ ಜಾನೀನ್ ಲಿಲಿಯಾನಾಳ ಜೊತೆ ಒಂದೇ ಯಂತ್ರದಲ್ಲಿ ದುಡಿಯುತ್ತಿದ್ದಳು. ಯಂತ್ರಕ್ಕೆ ಸಿಕ್ಕಿ ಅವಳ ಎರಡು ಬೆರಳುಗಳ ತುದಿ ತುಂಡಾಗಿದ್ದವು. ಶಿಬಿರದಲ್ಲಿ ಆಗಾಗ 'ಆಯ್ಕೆ' ನಡೆಯುತ್ತಿತ್ತು. ಕೈದಿಗಳು ಬೆತ್ತಲೆಯಾಗಿ ಅಧಿಕಾರಿಗಳೆದುರು ಹಾದು ಹೋಗಬೇಕು. ದುಡಿಯಲಾರದವರೆಂದು ಕಂಡವರಿಗೆ ಸಾವು. ಅಂದು ಲಿಲಿಯಾನಾ ದಾಟಿದಳು. ಹಿಂದೆಯೇ ಇದ್ದ ಜಾನೀನಳನ್ನು ತಡೆದು ನಿಲ್ಲಿಸಿದ್ದು ಅವಳಿಗೆ ಗೊತ್ತಾಯಿತು. ತಿರುಗಿ ನೋಡಲಿಲ್ಲ. ಹೆಸರು ಹಿಡಿದು ಕರೆಯಲಿಲ್ಲ. ಒಂದು ಸಮಾಧಾನದ ಮಾತು ಆಡಲಿಲ್ಲ. ತಾನು ಉಳಿದೆನೆಂಬ ಒಂದೇ ಭಾವದಲ್ಲಿ ಮುಂದೆ ನಡೆದಳು.

ಆ ಮಗುವಿನ ಮೇಲೆ ಯಾರೂ ತಪ್ಪು ಹೊರಿಸಲಾರರು. ತಿರುಗಿದ್ದರೂ ಜಾನೀನ್ ಉಳಿಯುತ್ತಿರಲಿಲ್ಲ. ಆದರೂ ಸೆಗ್ರೆ ಅವರು ಈ ಕಥೆಯನ್ನು ಮೂವತ್ತು ವರ್ಷ, ಒಂದು ಸಲವೂ ತಮ್ಮನ್ನು ಬಿಟ್ಟುಕೊಡದೆ, ಹೇಳಿದರು. ಇದರಲ್ಲಿ ಅವರ ಬೋಧನೆಯ ಗುಟ್ಟಿದೆ. ಪೀಡಿತರ ಕಥೆ ಕೇಳುವಾಗ ನಾವು ಸಹಜವಾಗಿ ಪೀಡಿತರ ಪಕ್ಷ ವಹಿಸುತ್ತೇವೆ, ಕಣ್ಣೀರು ಸುರಿಸಿ ಹಗುರವಾಗುತ್ತೇವೆ. ಪೀಡಿತಳೇ ಎದ್ದು ನಿಂತು, ನಾನೂ ಒಂದು ದಿನ ತಿರುಗಿ ನೋಡದೆ ನಡೆದೆ, ಆ ಭಾರ ಇನ್ನೂ ಇಳಿದಿಲ್ಲ ಎಂದರೆ ಹಾಗೆ ಹಗುರವಾಗಲು ಆಗುವುದಿಲ್ಲ. ಸಾವಿನ ದವಡೆಯಲ್ಲಿದ್ದ ಹುಡುಗಿಗೇ ಅದು ಇಷ್ಟು ಭಾರವಾದರೆ, ಬೆಚ್ಚಗಿನ ಮನೆಯ ಕಿಟಕಿ ಮುಚ್ಚಿದವರ ಗತಿಯೇನು, ನಾಳೆ ನಾನು ಏನು ಮಾಡುತ್ತೇನೆ ಎಂಬ ಪ್ರಶ್ನೆ ಕೇಳುಗನ ಮಡಿಲಿಗೆ ಬೀಳುತ್ತದೆ. ಸ್ಮಾರಕದ ಗೋಡೆಯ ಮೇಲಿನ ಪದ ಅಲ್ಲಿಗೆ ಬಂದದ್ದು ಈ ದಾರಿಯಿಂದ.

ಎರಡನೆಯ ಘಟನೆ ಬಿಡುಗಡೆಯ ದಿನಗಳದು. ಕೊನೆಯ ಶಿಬಿರದ ನಾಜಿ ಅಧಿಕಾರಿ ಓಡಿಹೋಗುವ ಮುನ್ನ ಸಮವಸ್ತ್ರ ಕಳಚಿ, ಪಿಸ್ತೂಲನ್ನು ನೆಲಕ್ಕೆ ಎಸೆದ. ಅದು ಬಿದ್ದದ್ದು ಲಿಲಿಯಾನಾಳ ಕಾಲ ಬಳಿ. ಎತ್ತಿ ಗುಂಡು ಹಾರಿಸಬೇಕೆಂಬ ಆಸೆ ಅವಳಲ್ಲಿ ತುಂಬಿ ಬಂತು. ದ್ವೇಷದಿಂದಲೇ ಬದುಕಿದ್ದವಳಿಗೆ ಅದು ಕಥೆಯ ಸರಿಯಾದ ಮುಕ್ತಾಯವೆಂದೂ ಅನ್ನಿಸಿತು. ಆದರೆ ಎತ್ತಲಿಲ್ಲ. ತಾನು ಕೊಲೆಗಾರರಂತೆ ಅಲ್ಲ ಎಂದು ಅರಿವಾದ ಆ ಗಳಿಗೆಯಿಂದಲೇ ತಾನು ಸ್ವತಂತ್ರಳಾದೆ ಎಂದು ಅವರು ಹೇಳುತ್ತಿದ್ದರು. ಗಮನಿಸಬೇಕಾದ ಅಂಶವೆಂದರೆ, ಅವರು ಕ್ಷಮೆಯ ಉಪದೇಶ ಮಾಡಲಿಲ್ಲ. ಕ್ಷಮಿಸಿದೆನೆಂದೂ ಹೇಳಲಿಲ್ಲ, ಮರೆತೆನೆಂದೂ ಹೇಳಲಿಲ್ಲ. ಕೊಲ್ಲಲಿಲ್ಲ, ದ್ವೇಷವನ್ನು ಮುಂದಿನವರಿಗೆ ದಾಟಿಸಲಿಲ್ಲ, ಅಷ್ಟೆ.

ಕಂಡರೂ ಪರಾಂಬರಿಸಿ ನೋಡು

ಒಬ್ಬರ ನೆನಪನ್ನು ಇತಿಹಾಸವೆಂದು ನಂಬಬಹುದೇ? ಈ ಪ್ರಶ್ನೆ ನ್ಯಾಯವಾದದ್ದೇ. 'ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು' ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕಾಲ ಕಳೆದಂತೆ ನೆನಪಿನಲ್ಲಿ ದಿನಾಂಕಗಳು ತಪ್ಪುತ್ತವೆ, ಕೇಳಿದ್ದು ಕಂಡದ್ದರೊಡನೆ ಬೆರೆಯುತ್ತದೆ. ಉದ್ದೇಶಪೂರ್ವಕ ವಂಚನೆಯೂ ನಡೆದಿದೆ. 1995ರಲ್ಲಿ ಬಿನ್ಯಾಮಿನ್ ವಿಲ್ಕೊಮಿರ್‌ಸ್ಕಿ ಎಂಬ ಹೆಸರಿನಲ್ಲಿ ಪ್ರಕಟವಾದ, ಶಿಬಿರದಲ್ಲಿ ಕಳೆದ ಬಾಲ್ಯದ 'ನೆನಪುಗಳ' ಪುಸ್ತಕಕ್ಕೆ ಭಾರಿ ಮನ್ನಣೆ ದೊರೆಯಿತು. ಲೇಖಕ ಯೆಹೂದಿಯೂ ಅಲ್ಲ, ಯುದ್ಧಕಾಲವನ್ನು ಸ್ವಿಟ್ಜರ್ಲೆಂಡಿನಲ್ಲೇ ಕಳೆದವನು ಎಂಬುದು ಮೂರು ವರ್ಷಗಳ ನಂತರ ಬಯಲಾಯಿತು.

ಆದ್ದರಿಂದಲೇ ಇತಿಹಾಸಕಾರರು ಸಾಕ್ಷ್ಯವನ್ನು ದಾಖಲೆಗಳ ಪಕ್ಕದಲ್ಲಿಟ್ಟು ಓದುತ್ತಾರೆ. ಸಾಗಾಣಿಕೆಯ ಪಟ್ಟಿ, ಶಿಬಿರದ ನೋಂದಣಿ, ಜೈಲಿನ ಕಡತಗಳು ಇವೆ. ರೈಲು ಎಂದು ಹೊರಟಿತು, ಎಷ್ಟು ಮಂದಿ ಇದ್ದರು ಎಂಬುದನ್ನು ಕಡತ ಹೇಳುತ್ತದೆ. ಕೈದಿಗಳು ಎಸೆದ ಕಿತ್ತಳೆಹಣ್ಣು ಯಾವ ಕಡತದಲ್ಲೂ ಇಲ್ಲ. ಎರಡೂ ಸೇರಿದಾಗಲೇ ಚಿತ್ರ ಪೂರ್ಣವಾಗುವುದು.

ಸಾಕ್ಷಿಗೆ ಇನ್ನೊಂದು ಮಿತಿಯೂ ಇದೆ. ಅದನ್ನು ಪ್ರೀಮೊ ಲೆವಿ ತಮ್ಮ ಕೊನೆಯ ವರ್ಷಗಳಲ್ಲಿ ನಿಷ್ಠುರವಾಗಿ ಬರೆದರು. ಬದುಕಿ ಬಂದವರು ಅಪವಾದಗಳು, ತಳ ಮುಟ್ಟಿದವರು ಹೇಳಲು ಮರಳಲಿಲ್ಲ, ನಿಜವಾದ ಸಾಕ್ಷಿಗಳು ಅವರು ಎಂಬುದು ಅವರ ಮಾತಿನ ಸಾರ. ಲೆವಿಯವರೂ ವರ್ಷಗಟ್ಟಲೆ ಶಾಲೆಗಳಿಗೆ ಹೋಗಿ ಮಾತನಾಡಿದವರು. ಒಮ್ಮೆ ಒಬ್ಬ ಪುಟ್ಟ ಹುಡುಗ ಶಿಬಿರದ ನಕ್ಷೆ ಬರೆಸಿಕೊಂಡು, ನೀವು ಹೀಗೆ ಹೀಗೆ ತಪ್ಪಿಸಿಕೊಳ್ಳಬಹುದಿತ್ತು, ಮುಂದಿನ ಸಲ ಹಾಗೆ ಮಾಡಿ ಎಂದು ಯೋಜನೆ ಹೇಳಿಕೊಟ್ಟನಂತೆ. ಕೇಳುವವರ ಕಾಲ ಮುಂದೆ ಸರಿದಂತೆ ಕಂಡವರ ಲೋಕ ಅವರಿಂದ ಎಷ್ಟು ದೂರವಾಗುತ್ತದೆ ಎಂಬುದಕ್ಕೆ ಈ ಮುಗ್ಧ ಸಲಹೆಯೇ ನಿದರ್ಶನ.

ಸಾಕ್ಷಿಗೆ ಕಾವಲು

ಪಾಠ ಕೇಳಿದವರೆಲ್ಲ ಕಲಿಯುತ್ತಾರೆಂದಲ್ಲ. 2018ರ ಜನವರಿ 19ರಂದು, ಜನಾಂಗೀಯ ಕಾನೂನುಗಳಿಗೆ 80 ವರ್ಷ ತುಂಬುತ್ತಿದ್ದ ವರ್ಷದಲ್ಲಿ, ರಾಷ್ಟ್ರಾಧ್ಯಕ್ಷ ಸೆರ್ಜೊ ಮತ್ತರೆಲ್ಲ ಅವರು ಸೆಗ್ರೆ ಅವರನ್ನು ಸಂಸತ್ತಿನ ಮೇಲ್ಮನೆಗೆ ಆಜೀವ ಸದಸ್ಯೆಯಾಗಿ ನೇಮಿಸಿದರು. ದ್ವೇಷ, ಜನಾಂಗಭೇದ ಮತ್ತು ಯೆಹೂದಿ ವಿರೋಧವನ್ನು ಪರಿಶೀಲಿಸುವ ಸಮಿತಿಯೊಂದು ಬೇಕೆಂದು ಅವರು ಮಂಡಿಸಿದ ಪ್ರಸ್ತಾವ 2019ರ ಅಕ್ಟೋಬರ್ 30ರಂದು ಅಂಗೀಕಾರವಾಯಿತು. ಪರವಾಗಿ 151 ಮತ. ವಿರುದ್ಧ ಒಂದೂ ಇಲ್ಲ, ಆದರೆ ಬಲಪಂಥೀಯ ಪಕ್ಷಗಳ 98 ಸದಸ್ಯರು ಮತ ಹಾಕದೆ ತಟಸ್ಥರಾದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿದಾಗಲೂ ಅವರಲ್ಲಿ ಅನೇಕರು ಕುಳಿತೇ ಇದ್ದರು.

ಅದೇ ದಿನಗಳಲ್ಲಿ ಸೆಗ್ರೆ ಅವರಿಗೆ ಇಂಟರ್‌ನೆಟ್ ಮೂಲಕ ಬರುತ್ತಿದ್ದ ನಿಂದನೆ, ಬೆದರಿಕೆಗಳ ಸುದ್ದಿ ಹೊರಬಿತ್ತು. ನವೆಂಬರಿನಲ್ಲಿ, 89ನೆಯ ವಯಸ್ಸಿನಲ್ಲಿ, ಅವರಿಗೆ ಪೊಲೀಸ್ ಕಾವಲು ಒದಗಿಸಬೇಕಾಯಿತು. ಬಾಲ್ಯದಲ್ಲಿ ಬಂಧಿಸಲು ಬಂದ ಪೊಲೀಸರು ವೃದ್ಧಾಪ್ಯದಲ್ಲಿ ರಕ್ಷಿಸಲು ಬಂದರು. ಇದು ಪ್ರಗತಿಯೂ ಹೌದು, ನಾಚಿಕೆಗೇಡೂ ಹೌದು. ಡಿಸೆಂಬರಿನಲ್ಲಿ ದೇಶದ ನಾನಾ ಪಕ್ಷಗಳ ನೂರಾರು ಮೇಯರ್‌ಗಳು ಮಿಲಾನ್‌ನಲ್ಲಿ ಅವರೊಡನೆ ಮೆರವಣಿಗೆ ನಡೆದರು. ತಿರುಗಿ ನೋಡದವರ ಬಗ್ಗೆ ಮೂವತ್ತು ವರ್ಷ ಮಾತನಾಡಿದವರಿಗೆ ಅದು ಸಣ್ಣ ಉತ್ತರವಲ್ಲ.

2022ರ ಅಕ್ಟೋಬರ್ 13ರಂದು ಹೊಸ ಮೇಲ್ಮನೆಯ ಮೊದಲ ಅಧಿವೇಶನಕ್ಕೆ ಹಿರಿಯ ಸದಸ್ಯೆಯಾಗಿ ಅಧ್ಯಕ್ಷತೆ ವಹಿಸಿದವರು ಅವರೇ. ಮುಸೊಲಿನಿ ಅಧಿಕಾರ ಹಿಡಿದ ತಿಂಗಳಿಗೆ ಆಗ ಸರಿಯಾಗಿ ನೂರು ವರ್ಷ. 1938ರ ಅಕ್ಟೋಬರಿನಲ್ಲಿ ಶಾಲೆಯ ಬೆಂಚಿನಿಂದ ಹೊರದಬ್ಬಿಸಿಕೊಂಡ ಹುಡುಗಿ ದೇಶದ ಅತ್ಯಂತ ಗೌರವದ ಪೀಠಗಳಲ್ಲೊಂದರ ಮೇಲೆ ಕುಳಿತಿರುವ ವಿಚಿತ್ರವನ್ನು ಅವರು ಅಂದಿನ ಭಾಷಣದಲ್ಲಿ ಸಭೆಗೆ ನೆನಪಿಸಿದರು.

ಜಾನೀನಳ ಹೆಸರು

ಅಷ್ಟರೊಳಗೆ ಅವರು ಶಾಲಾಮಕ್ಕಳಿಗೆ ಹೇಳುವ ಕೆಲಸಕ್ಕೆ ಮುಕ್ತಾಯ ಹಾಡಿದ್ದರು. ದಣಿವು ಒಂದು ಕಾರಣ. ಪ್ರತಿ ಸಲ ಹೇಳುವಾಗಲೂ ಆ ಹುಡುಗಿಯಾಗಿ ಮತ್ತೆ ಅಲ್ಲಿಗೆ ಹೋಗಿ ಬರಬೇಕಾಗುತ್ತಿತ್ತು. 2020ರ ಅಕ್ಟೋಬರ್ 9ರಂದು ಟಸ್ಕನಿಯ ಅರೆಜ್ಜೊ ಬಳಿಯ ರೊಂದಿನೆ ಎಂಬಲ್ಲಿ ಅವರು ತಮ್ಮ ಕೊನೆಯ ಸಾರ್ವಜನಿಕ ಸಾಕ್ಷ್ಯ ನುಡಿದರು. ಪರಸ್ಪರ ಹಗೆಯಲ್ಲಿರುವ ದೇಶಗಳ ಯುವಕ ಯುವತಿಯರು ಒಟ್ಟಿಗೆ ಬದುಕಿ ಕಲಿಯುವ ಪುಟ್ಟ ಹಳ್ಳಿ ಅದು. ಕೊನೆಯ ಮಾತಿಗೆ ಸಂಸತ್ ಭವನವನ್ನಲ್ಲದೆ ಆ ಹಳ್ಳಿಯನ್ನು ಆರಿಸಿಕೊಂಡದ್ದು ಅವರ ಸ್ವಭಾವಕ್ಕೆ ತಕ್ಕುದಾಗಿತ್ತು.

ಸಾಕ್ಷಿಗಳ ಪೀಳಿಗೆ ಮುಗಿದ ಮೇಲೆ ಏನು ಎಂಬ ಚಿಂತೆ ಎಲ್ಲ ದೇಶಗಳಲ್ಲೂ ಇದೆ. ತಂತ್ರಜ್ಞಾನ ತನ್ನ ಉತ್ತರ ಕೊಡುತ್ತಿದೆ. ಸಾವಿರಕ್ಕೂ ಹೆಚ್ಚು ಪ್ರಶ್ನೆಗಳಿಗೆ ಬದುಕಿ ಉಳಿದವರಿಂದ ಮೊದಲೇ ಉತ್ತರ ಹೇಳಿಸಿ ಚಿತ್ರೀಕರಿಸಿಕೊಂಡು, ವಿದ್ಯಾರ್ಥಿ ಏನಾದರೂ ಕೇಳಿದಾಗ ತಕ್ಕ ಉತ್ತರವನ್ನು ಪರದೆಯ ಮೇಲೆ ತೋರಿಸುವ ವ್ಯವಸ್ಥೆ ಈಗ ಕೆಲವು ವಸ್ತುಸಂಗ್ರಹಾಲಯಗಳಲ್ಲಿದೆ. ಅದರ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ಆದರೆ ಯಾರೂ ಕೇಳದ ಪ್ರಶ್ನೆಗೆ ತಾನಾಗಿ ಉತ್ತರ ಹೇಳುವ ಧೈರ್ಯ ಪರದೆಗೆ ಇರುವುದಿಲ್ಲ. ಜಾನೀನಳ ವಿಷಯವನ್ನು ಸೆಗ್ರೆ ಅವರಿಂದ ಯಾರೂ ಕೇಳಿ ಹೊರಡಿಸಿದ್ದಲ್ಲ. ಅವರು ಹೇಳದಿದ್ದರೆ ಆ ತರುಣಿ ಬದುಕಿದ್ದಳೆಂದೂ ನಮಗೆ ಗೊತ್ತಾಗುತ್ತಿರಲಿಲ್ಲ.

ಮಿಲಾನ್‌ನ ಸ್ಮಾರಕ ತನ್ನದೇ ರೀತಿಯಲ್ಲಿ ಇನ್ನೊಂದು ಉತ್ತರ ಕೊಟ್ಟಿದೆ. 2015ರ ಬೇಸಿಗೆಯಲ್ಲಿ ಯುದ್ಧ, ಬಡತನಗಳಿಂದ ಓಡಿ ಬಂದ ನಿರಾಶ್ರಿತರು ಕೇಂದ್ರ ನಿಲ್ದಾಣದಲ್ಲಿ ನೆಲೆಯಿಲ್ಲದೆ ಮಲಗತೊಡಗಿದಾಗ, ಸ್ಮಾರಕ ತನ್ನ ಬಾಗಿಲು ತೆರೆದು ರಾತ್ರಿ ತಂಗಲು ಜಾಗ ಕೊಟ್ಟಿತು. 'ಉದಾಸೀನ' ಎಂದು ಗೋಡೆಯ ಮೇಲೆ ಬರೆದುಕೊಂಡವರಿಗೆ ಬೇರೆ ದಾರಿಯೂ ಇರಲಿಲ್ಲ.

ರೊಂದಿನೆಯಲ್ಲಿ ಈಗ ಬಯಲು ಸಭಾಂಗಣವೊಂದಿದೆ. ಅದಕ್ಕೆ ಇಟ್ಟಿರುವ ಹೆಸರು ಜಾನೀನಳದು. ಯಂತ್ರಕ್ಕೆ ಬೆರಳು ಕೊಟ್ಟು, ಒಂದು ಮಾತೂ ಕೇಳದೆ ಹೋದ ಫ್ರೆಂಚ್ ತರುಣಿಯ ಹೆಸರನ್ನು ಅಲ್ಲಿಗೆ ಬರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಈಗ ಉಚ್ಚರಿಸುತ್ತಾನೆ. ಹದಿಮೂರರ ಹುಡುಗಿ ಅಂದು ಕರೆಯದೆ ಬಿಟ್ಟ ಹೆಸರು ಅದು.